ವರನ ಗೆಳೆಯನನ್ನು ಕರೆದುಕೊಂಡು ಬನ್ನಿ

ಶಿರಾ ಮುಗಿದಿತ್ತು. ಉಪ್ಪಿಟ್ಟು ಅರ್ಧಕ್ಕೆ ಬಂದಿತ್ತು. ಕನ್ಯಾ ನೋಡಲು ಸವಣೂರಿನಿಂದ ಬಂದಿದ್ದ ವರನ ತಂದೆ, ನಿವೃತ್ತ ಹೆಡ್‌ಮಾಸ್ತರರು, ಕೈ ಒರೆಸಿಕೊಂಡು ದೊಡ್ಡ ಮನಸ್ಸು ಮಾಡಿದರು. ಹುಡುಗಿಗೂ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದರು.

ಹೀಗೆ ಹೇಳುವುದು ಈಗ ಫ್ಯಾಶನ್. ಹುಡುಗಿ ತಲೆ ತಗ್ಗಿಸಿ ಏನೂ ಇಲ್ಲ ಎನ್ನಬೇಕು, ಎಲ್ಲರೂ ನಕ್ಕು ಚಹಾಕ್ಕೆ ಕೈ ಚಾಚಬೇಕು. ಪದ್ಧತಿ ಅದು. ಆದರೆ ನನ್ನ ಅಕ್ಕನ ಮಗಳು ಅನಘಾ ವರನನ್ನೇ ನೋಡಿ ಕೇಳಿಯೇಬಿಟ್ಟಳು.

"ನಿಮ್ಮ ಖಾಸ್ ಗೆಳೆಯರು ಯಾರ‍್ರಿ? ಅವರನ್ನ ಒಮ್ಮೆ ಕರಕೊಂಡು ಬರ‍್ರಿ. ಆಮೇಲೆ ನನ್ನ ಮಾತು ಹೇಳ್ತೇನಿ."

ಇದೆಲ್ಲ ನಡೆದದ್ದು ಶಿಗ್ಗಾವಿಯ ಅಕ್ಕನ ಮನೆಯ ಪಡಸಾಲೆಯಲ್ಲಿ. ಅಕ್ಕ ನನ್ನನ್ನು ನೋಡಿದಳು. ನಾನು ಉಪ್ಪಿಟ್ಟಿನೊಳಗಿನ ಶೇಂಗಾ ನೋಡಿದೆ. ಯಾಕೆಂದರೆ ಈ ಪ್ರಶ್ನೆ ಎಲ್ಲಿಂದ ಬಂತು ಎಂಬುದು ಆ ಮನೆಯಲ್ಲಿ ಅವಳನ್ನು ಬಿಟ್ಟರೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ನನಗೆ ಮತ್ತು ನನ್ನ ಹೆಂಡತಿ ಶೈಲಾಗೆ.

ಬಂದದ್ದು ಕೊರಿಯಾದಿಂದ.

ವಿಷಯ ಇಷ್ಟು. ಅನಘಾ ದನದ ಡಾಕ್ಟರು. ತಿಳವಳ್ಳಿಯ ಪಶು ಆಸ್ಪತ್ರೆಗೆ ಪೋಸ್ಟಿಂಗ್ ಆದಮೇಲೆ ಹಾನಗಲ್ಲಿನಲ್ಲಿ ನಮ್ಮ ಮನೆಯಲ್ಲೇ ಇದ್ದಾಳೆ. (ನಮ್ಮ ಅಜ್ಜ ನ್ಯಾಯಶಾಸ್ತ್ರ ಪಾಠ ಹೇಳುತ್ತಿದ್ದವರು. ಮೊಮ್ಮಗ ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲ, ಮರಿಮಗಳು ಎಮ್ಮೆಗೆ ಇಂಜೆಕ್ಷನ್ ಕೊಡುತ್ತಾಳೆ. ವಿದ್ಯೆ ಮುಂದುವರಿದಿದೆ.) ಸಂಜೆ ಊಟದ ಹೊತ್ತಿಗೆ ಅವಳು ಟೀವಿಯಲ್ಲಿ ಒಂದು ಕೊರಿಯನ್ ಸೀರಿಯಲ್ ಹಚ್ಚುತ್ತಾಳೆ. ಹಳೆಯ ಕಾಲದ ರಾಜ್ಯ, ಹರೆಯದ ಯೋಧರು, ಅವರ ಗೆಳೆತನ, ಒಂದು ಪ್ರೇಮ. ಮಾತು ಕೊರಿಯನ್, ಕೆಳಗೆ ಇಂಗ್ಲಿಷ್ ಅಕ್ಷರ. ಅಕ್ಷರ ಓದಿ ಶೈಲಾಗೆ ಹೇಳುವ ಡ್ಯೂಟಿ ನನ್ನದು.

ಮೊದಲ ವಾರ ನನಗೆ ಯೋಧರೆಲ್ಲ ಒಂದೇ ಥರ ಕಂಡರು. ಮೀಸೆಯಿಲ್ಲ, ಕೂದಲು ಸೊಂಟದವರೆಗೆ, ಕೆನ್ನೆಯ ಮೇಲೆ ಯುದ್ಧದ ಧೂಳೂ ಕೂರುವುದಿಲ್ಲ. ಇವರು ಯುದ್ಧ ಯಾವಾಗ ಮಾಡುತ್ತಾರೆ, ಸ್ನಾನ ಯಾವಾಗ ಮಾಡುತ್ತಾರೆ? ಶೈಲಾಗೆ ಅಂಥ ಸಂಶಯಗಳಿಲ್ಲ. ಅವಳು ಮೂರೇ ದಿನದಲ್ಲಿ ಎಲ್ಲರಿಗೂ ನಾಮಕರಣ ಮಾಡಿ ಮುಗಿಸಿದಳು. ಗುಂಪಿನ ನಾಯಕ ಜುಟ್ಟಿನವ, ಸದಾ ಮುಖ ಗಂಟಿಕ್ಕಿಕೊಂಡವ ಗಂಟಿನವ. ಇಬ್ಬರೂ ಜೀವದ ಗೆಳೆಯರು. ನಾಯಕಿ ಕುದುರೆ ಲಾಯದವನ ಮಗಳು. ದನದ ಡಾಕ್ಟರಿಗೆ ಅವಳು ಇಷ್ಟವಾದದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಕಂತಿನಲ್ಲಿ ಜುಟ್ಟಿನವ ಆ ಹುಡುಗಿಗೆ ತನ್ನ ಮನಸ್ಸು ಹೇಳುತ್ತಾನೆ. ಅವಳು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದೂ ಇಲ್ಲ. ಸೀದಾ ಗಂಟಿನವನ ಹತ್ತಿರ ಹೋಗಿ, ನಿನ್ನ ಗೆಳೆಯ ಎಂಥವನು, ಸಿಟ್ಟು ಬಂದರೆ ಏನು ಮಾಡುತ್ತಾನೆ ಎಂದು ಕೇಳುತ್ತಾಳೆ. ಅನಘಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದು ನನಗೆ ನೆನಪಿದೆ. ಆಗ ನಾನು ಅದಕ್ಕೆ ಮಹತ್ವ ಕೊಡಲಿಲ್ಲ.

ಇನ್ನೊಂದು ಕಂತನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಾಜನ ಆಜ್ಞೆಯಂತೆ ಜುಟ್ಟಿನವನು ತನ್ನ ಗೆಳೆಯ ಗಂಟಿನವನನ್ನೇ ಹಿಡಿದು ಸೆರೆಮನೆಗೆ ತಳ್ಳುತ್ತಾನೆ. ಬೇರೆ ದಾರಿಯಿಲ್ಲ, ಅವನ ಕೆಲಸ ಅದು. ಆಮೇಲೆ ದಿನಾ ಅನ್ನದ ಬಟ್ಟಲು ಹಿಡಿದು ಸೆರೆಮನೆಯ ಬಾಗಿಲಿಗೆ ಹೋಗಿ ಹಿಮದಲ್ಲಿ ನಿಲ್ಲುತ್ತಾನೆ. ಒಳಗಿನವನು ಹೊರಳಿ ನೋಡುವುದಿಲ್ಲ. ಇವನು ಮರುದಿನ ಮತ್ತೆ ಹೋಗುತ್ತಾನೆ. ಆ ದೃಶ್ಯ ಬಂದಾಗ ಶೈಲಾ ಟೀವಿ ಬಿಟ್ಟು ನನ್ನ ಮುಖ ನೋಡಿದಳು. ಯಾಕೆ ನೋಡುತ್ತೀ ಎಂದೆ. ಏನಿಲ್ಲ, ಮುಂದೆ ಓದಿ ಎಂದಳು. (ಯಾಕೆ ನೋಡಿದಳೆಂದು ಕೊನೆಗೆ ಹೇಳುತ್ತೇನೆ. ತಡೆಯಿರಿ.)

ಈಗ ಚೌಕಶಿಯ ವಿಷಯ. ನಮ್ಮ ಕಡೆ ಚೌಕಶಿ ಎಂದರೆ ಸಂತೆಯಲ್ಲಿ ದರಕ್ಕೆ ಜಗ್ಗಾಡುವುದಲ್ಲ. ಹೆಣ್ಣು ಕೊಡುವ ಮುಂಚೆ ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸುವುದು. ವಕೀಲನಾದ ತಪ್ಪಿಗೆ ನಮ್ಮ ಬಳಗದ ಚೌಕಶಿಯೆಲ್ಲ ನನ್ನ ಪಾಲಿಗೆ. ಹುಡುಗನ ಓಣಿಯಲ್ಲಿ ಪರಿಚಯದವರನ್ನು ಹುಡುಕುತ್ತೇನೆ, ಫೋನ್ ಮಾಡುತ್ತೇನೆ, ಗೋತ್ರ, ನೌಕರಿ, ಸ್ವಂತ ಮನೆ, ಚಟ ಎಲ್ಲ ಕೇಳುತ್ತೇನೆ. ಉತ್ತರ ಯಾವಾಗಲೂ ಒಂದೇ. ಹುಡುಗ ಬಂಗಾರದಂಥವ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಹುಡುಗ ಬೆಳ್ಳಿಯಂಥವ ಎಂದು ಬಂದಿಲ್ಲ. ಬರುವುದಾದರೂ ಹೇಗೆ? ಕೂಡಿಬರುವ ಮದುವೆಗೆ ಅಡ್ಡಗಾಲು ಹಾಕಿದ ಪಾಪ ಯಾರಿಗೆ ಬೇಕು?

ಎರಡು ವರ್ಷದ ಹಿಂದೆ ಇಂಥದೇ ಒಬ್ಬ ಬಂಗಾರದಂಥವನ ಜೊತೆ ಅನಘಾಳ ನಿಶ್ಚಿತಾರ್ಥ ಆಗಿತ್ತು. ಸೀರೆ ಉಡಿಸಿ, ಉಂಗುರ ಹಾಕಿದ ಮರುವಾರದಿಂದ ಅವನ ಫೋನು ಶುರುವಾಯಿತು. ಈಗ ಎಲ್ಲಿದ್ದೀ? ಯಾರ ಕೊಟ್ಟಿಗೆ? ಒಬ್ಬಳೇ ಯಾಕೆ ಹೋದೆ? ಎಮ್ಮೆಯ ಫೋಟೋ ಕಳಿಸು. ಹಸುವಿನ ಹೆರಿಗೆ ಮಾಡಿಸುವಾಗ ಫೋನ್ ಎತ್ತಲಿಲ್ಲವೆಂದು ಒಮ್ಮೆ ಇಡೀ ದಿನ ಬೈದ. ಮದುವೆಗೆ ಒಂದು ತಿಂಗಳಿರುವಾಗ ಅವಳು ಉಂಗುರ ವಾಪಸ್ ಕಳಿಸಿದಳು. ಅಕ್ಕ ಆರು ತಿಂಗಳು ಯಾರ ಮನೆಯ ಕಾರ್ಯಕ್ಕೂ ಹೋಗಲಿಲ್ಲ. ಅನಘಾ ಆ ದಿನಗಳಲ್ಲಿ ಫೋನ್ ಸದ್ದಾದರೆ ಬೆಚ್ಚುತ್ತಿದ್ದಳು. ಇನ್ನೊಂದು ಸಲ ಮೋಸಹೋಗುವ ಶಕ್ತಿ ಆ ಹುಡುಗಿಗೆ ಇರಲಿಲ್ಲ.

ಆ ಹುಡುಗನ ಚೌಕಶಿ ಮಾಡಿದ ಮಹಾಶಯ ನಾನೇ. ಹಾಗಾಗಿ ಈ ಸಲ ಉಪ್ಪಿಟ್ಟಿನೊಳಗಿನ ಶೇಂಗಾ ನೋಡುವುದನ್ನು ಬಿಟ್ಟು ನನಗೆ ಬೇರೆ ದಾರಿಯಿರಲಿಲ್ಲ.

ವರನ ಹೆಸರು ಶ್ರೀನಿಧಿ. ಹಿರೇಕೆರೂರಿನಲ್ಲಿ ವಿದ್ಯುತ್ ಇಲಾಖೆಯ ಸೆಕ್ಷನ್ ಆಫೀಸರ್. ಪ್ರಶ್ನೆ ಕೇಳಿ ಅವನ ಕಿವಿ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತಂದೆ ಅವನ ಪರವಾಗಿ ಉತ್ತರ ಕೊಟ್ಟುಬಿಟ್ಟರು. ನಮ್ಮ ಹುಡುಗನಿಗೆ ಗೆಳೆಯರಿಗೇನು ಕಡಿಮೆ, ಮುಂದಿನ ಭಾನುವಾರ ಕರೆದುಕೊಂಡೇ ಬರುತ್ತೇವೆ ಎಂದರು.

ಬಂದರು. ಕೈಯಲ್ಲಿ ಸವಣೂರಿನ ಖಾರಾದ ಪೊಟ್ಟಣ, ಹಿಂದೆ ಇಸ್ತ್ರಿ ಅಂಗಿಯ ಒಬ್ಬ ಇಂಜಿನಿಯರು. ಅವನ ಹಿಂದೆ ಜರಿ ಸೀರೆಯ ಒಬ್ಬ ತಾಯಿ. ಗೆಳೆಯನನ್ನು ಕರೆದರೆ ಗೆಳೆಯನ ತಾಯಿ ಯಾಕೆ ಬಂದರು? ನನಗೆ ಒಗಟಾಯಿತು. ಆ ತಾಯಿ ಕುಳಿತವರೇ ಬ್ಯಾಗಿನಿಂದ ಅರಿಶಿನ ಹಚ್ಚಿದ ಒಂದು ಲಕೋಟೆ ತೆಗೆದು ಅಕ್ಕನ ಮುಂದೆ ಇಟ್ಟರು. ಅಕ್ಕ ಬಿಚ್ಚಿ ನೋಡಿದಳು. ಜಾತಕ. ಗೆಳೆಯನ ಜಾತಕ.

ಹೆಡ್‌ಮಾಸ್ತರರ ತರ್ಕ ಆಮೇಲೆ ತಿಳಿಯಿತು. ಕನ್ಯಾ ಕಡೆಯವರು ವರನ ಜೊತೆ ಅವನ ಗೆಳೆಯನನ್ನೂ ನೋಡಬೇಕು ಅನ್ನುತ್ತಾರೆ ಎಂದರೆ ಏನರ್ಥ? ಮನೆಯಲ್ಲಿ ಇನ್ನೊಂದು ಕನ್ಯಾ ಇದೆ, ಬಾಯಿ ಬಿಟ್ಟು ಹೇಳಲು ಸಂಕೋಚ. ಹಾಗೆಂದೇ ಅವರು ಬಳಗದಲ್ಲೆಲ್ಲ ಹುಡುಕಿ, ಮದುವೆಯ ವಯಸ್ಸಿಗೆ ಬಂದಿದ್ದ, ಗೋತ್ರ ಹೊಂದುವ, ಸಂಬಳ ಚೆನ್ನಾಗಿದ್ದ ಒಬ್ಬ ಗೆಳೆಯನನ್ನು ಆರಿಸಿ ತಂದಿದ್ದರು. ನಗಬೇಡಿ. ನಮ್ಮ ಜನರ ಮಟ್ಟಿಗೆ ಇದು ಬಹಳ ಸರಿಯಾದ ಯೋಚನೆ. ಗಂಡು ನೋಡುವುದೆಂದರೆ ಮದುವೆಗಲ್ಲದೆ ಮತ್ತೆ ಯಾಕೆ ನೋಡುತ್ತಾರೆ?

ಆ ತಾಯಿಗೆ ನಾನು ಏನೋ ಸಮಾಧಾನ ಹೇಳಿದೆ. ಅನಘಾ ಮಾತ್ರ ಬಿಡಲಿಲ್ಲ. ಶ್ರೀನಿಧಿಗೆ ಸಿಟ್ಟು ಬಂದರೆ ಏನು ಮಾಡುತ್ತಾರೆ ಎಂದು ಆ ಇಂಜಿನಿಯರನನ್ನು ಕೇಳಿದಳು. ಅವನು ಹೆಡ್‌ಮಾಸ್ತರರ ಮುಖ ನೋಡಿದ. ಸಿಟ್ಟೇ ಬರುವುದಿಲ್ಲ ಎಂದ. ಅವರಿಗೆ ಊಟಕ್ಕೆ ಏನು ಇಷ್ಟ ಎಂದಳು. ಮತ್ತೆ ಹೆಡ್‌ಮಾಸ್ತರರ ಮುಖ ನೋಡಿದ. ಕೋರ್ಟಿನಲ್ಲಿ ಇಂಥ ಸಾಕ್ಷಿಗಳನ್ನು ನಾನು ದಿನಾ ನೋಡುತ್ತೇನೆ. ಇಬ್ಬರೂ ಅದುವರೆಗೆ ಭೇಟಿಯಾದದ್ದು ಎರಡೇ ಸಲ, ಅದೂ ಮುಂಜಿವೆಯಲ್ಲಿ.

ಮಾತು ಕೆಟ್ಟಿತು. ಹೆಡ್‌ಮಾಸ್ತರರು, ಮೂವತ್ತು ವರ್ಷ ಪರೀಕ್ಷೆ ನಡೆಸಿದ್ದೇನೆ, ಇಂಥ ಪರೀಕ್ಷೆ ಕಂಡಿಲ್ಲ ಎಂದು ಎದ್ದರು. ಅಕ್ಕ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಕೊರಿಯಾದ ಸುದ್ದಿ ಅಷ್ಟರಲ್ಲಿ ಅವಳಿಗೂ ಗೊತ್ತಾಗಿತ್ತು, ಶೈಲಾಳ ಮೇಲೂ ರೇಗಿದಳು. ನಿಮ್ಮ ಮನೆಯ ಟೀವಿಯಿಂದ ನನ್ನ ಮಗಳ ಬಾಳು ಹಾಳಾಯಿತು ಎಂದಳು. ಒಂದು ಸೀರಿಯಲ್ ನೋಡಿ ಸಂಬಂಧ ಕೆಡಿಸಿಕೊಳ್ಳುವುದೇ? ನನಗೂ ಹಾಗೇ ಅನಿಸಿತು, ಸುಳ್ಳು ಹೇಳುವುದಿಲ್ಲ.

ಆಗ ಮೂಲೆಯ ಖುರ್ಚಿಯಿಂದ ಶ್ರೀನಿಧಿ ಮೊದಲ ಸಲ ಮಾತಾಡಿದ.

"ನನ್ನ ಗೆಳೆಯ ಅಬಲೂರಾಗ ಇದ್ದಾನ್ರಿ. ನಿಂಗರಾಜ ಅಂತ. ಹೊಲ ಮಾಡ್ತಾನ. ಅಪ್ಪಾರಿಗೆ ಅವನ ಸುದ್ದಿ ಹೇಳಿಲ್ಲ. ಈಗ ಸುಗ್ಗಿ, ಅವ ಇಲ್ಲಿಗೆ ಬರೂದಿಲ್ಲ. ನೀವ ಹೋಗಬೇಕಾಗ್ತದ."

ಹೆಡ್‌ಮಾಸ್ತರರು ಮಗನನ್ನು ನೋಡಿದ ನೋಟ ನೋಡಿದರೆ, ಆ ಹೆಸರನ್ನು ಅವರು ಅಂದೇ ಮೊದಲು ಕೇಳಿದ್ದೆಂದು ಸ್ಪಷ್ಟವಾಗಿತ್ತು.

ಮುಂದಿನ ಶನಿವಾರ ನಾನೂ ಅನಘಾಳೂ ನನ್ನ ಹಳೆಯ ಕಾರಿನಲ್ಲಿ ಅಬಲೂರಿಗೆ ಹೋದೆವು. ಶ್ರೀನಿಧಿ ಬರುವುದು ಬೇಡ ಎಂದು ಅವಳೇ ಹೇಳಿದ್ದಳು. ಪಾರ್ಟಿ ಎದುರಿಗಿದ್ದರೆ ಸಾಕ್ಷಿ ನಿಜ ಹೇಳುವುದಿಲ್ಲ ಎಂಬುದು ನನ್ನಿಂದ ಕಲಿತದ್ದಿರಬೇಕು.

ನಿಂಗರಾಜ ಕಣದಲ್ಲಿ ತಾಡಪತ್ರಿಯ ಮೇಲೆ ಗೋವಿನಜೋಳ ಹರವುತ್ತಿದ್ದ. ಮೂವತ್ತರ ಆಸುಪಾಸು, ಗಟ್ಟಿ ಆಳು. ನಾವು ಯಾರೆಂದು ಹೇಳುವ ಮೊದಲೇ ಅವನಿಗೆ ಗೊತ್ತಿತ್ತು. "ದನದ ಡಾಕ್ಟರಲ್ರಿ? ಬರ‍್ರಿ, ಮೊದಲ ನಮ್ಮ ಹೋರಿ ಕಾಲು ನೋಡ್ರಿ" ಎಂದ. ದೀಪಾವಳಿಗೆ ಓಡಿಸಲು ಸಾಕಿದ ಹೋರಿ ಅದು. ಗೊರಸಿನಲ್ಲಿ ಗಾಯವಾಗಿತ್ತು. ಅನಘಾ ಸೆರಗು ಕಟ್ಟಿ ಕುಳಿತು ಗಾಯ ತೊಳೆದಳು. ಹೋರಿಯ ಕಾಲು ಹಿಡಿದುಕೊಂಡೇ ಅವನು ಸಾಕ್ಷಿ ನುಡಿದ.

ಇಬ್ಬರ ಪರಿಚಯವಾದದ್ದು ಜಗಳದಿಂದ. ನಾಲ್ಕು ವರ್ಷದ ಹಿಂದೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಾಗ, ಬೇರೆಯದು ಬರುವವರೆಗೂ ಬಿಡುವುದಿಲ್ಲವೆಂದು ಊರವರು ಹೊಸ ಸೆಕ್ಷನ್ ಆಫೀಸರನನ್ನು ಗುಡಿಯ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದ್ದರು. ಬಾಗಿಲ ಚಿಲಕ ಹಾಕಿದವನು ನಿಂಗರಾಜ. ಮಧ್ಯಾಹ್ನ ಕನಿಕರ ಬಂದು ರೊಟ್ಟಿ, ಪುಂಡಿಪಲ್ಯೆ ಒಯ್ದು ಕೊಟ್ಟವನೂ ಅವನೇ. ಆಫೀಸರ ಎರಡು ರೊಟ್ಟಿ ತಿಂದು ಇನ್ನೊಂದು ಕೇಳಿದ. ಅಂದಿನಿಂದ ಭಾನುವಾರಕ್ಕೊಮ್ಮೆ ಇವರ ಮನೆಯಲ್ಲೇ ಊಟ. ಸವಣೂರಿನ ಮನೆಗೆ ಇದೆಲ್ಲ ಯಾಕೆ ಗೊತ್ತಿಲ್ಲವೆಂದು ನಾನು ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಯಾರು ಎಲ್ಲಿ ಉಂಡರು ಎಂಬುದು ಈಗಲೂ ಸಣ್ಣ ವಿಷಯವಲ್ಲ.

ಸಿಟ್ಟು ಬಂದರೆ ಏನು ಮಾಡುತ್ತಾರೆ ಎಂದು ಅನಘಾ ಕೇಳಿದಳು.

"ಸಿಟ್ಟು ಬಂದ್ರ ಮೂಕ ಆಗ್ತಾನ್ರಿ" ಎಂದ ನಿಂಗರಾಜ. "ಎರಡ ದಿನ ಬಾಯಿ ಬಿಡೂದಿಲ್ಲ. ಬೈದಿದ್ರರ ಚೊಲೊ ಇತ್ತು ಅನಸ್ತೈತಿ. ಅವರಪ್ಪನ ಮುಂದಂತೂ ಪೂರಾ ಬಂದ್. ಅದನ್ನ ನೀವು ನೋಡ್ಕೋಬೇಕು."

ಬಂಗಾರದಲ್ಲಿ ಮೊದಲ ಸಲ ತಾಮ್ರ ಕಂಡಿತು. ನನಗೆ ಈ ಸಾಕ್ಷಿಯ ಮೇಲೆ ನಂಬಿಕೆ ಬಂದದ್ದು ಆಗಲೇ.

ಆಮೇಲೆ ನಾವು ಕೇಳದೆಯೇ ಅವನು ಒಂದು ಸಂಗತಿ ಹೇಳಿದ. ಹಿಂದಿನ ಬೇಸಗೆಯಲ್ಲಿ ಹೊಲದ ಬೆಳೆ ಬಾಡುತ್ತಿತ್ತು. ನಿಂಗರಾಜ ಕಂಬದ ಲೈನಿಗೆ ಕಳ್ಳ ಕೊಕ್ಕೆ ಹಾಕಿ ಮೋಟಾರು ನಡೆಸಿದ. ಯಾರೋ ದೂರು ಕೊಟ್ಟರು. ಒಂದು ಗುರುವಾರ ಶ್ರೀನಿಧಿ ಬಂದು ವೈರು ಕತ್ತರಿಸಿ ಒಯ್ದ. ಲೈನ್‌ಮನ್‌ನನ್ನು ಕಳಿಸಿ ತಾನು ಆಫೀಸಿನಲ್ಲಿ ಕೂರಬಹುದಿತ್ತು. ತಾನೇ ಬಂದ, ತನ್ನ ಕೈಯಾರೆ ಕತ್ತರಿಸಿದ. ನಿಂಗರಾಜ ಇಡೀ ಓಣಿಯ ಮುಂದೆ ಬಾಯಿಗೆ ಬಂದಂತೆ ಬೈದ. ನನ್ನ ಮನೆಯ ಅನ್ನ ಉಂಡವನು ಎಂದ. ಶ್ರೀನಿಧಿ ಒಂದು ಮಾತೂ ಆಡದೆ ಜೀಪು ಹತ್ತಿದ.

"ಭಾನುವಾರ ಮತ್ತ ಬಂದ್ರಿ" ಎಂದ ನಿಂಗರಾಜ. "ಅವ್ವಾ, ರೊಟ್ಟಿ ಆಗ್ಯಾವೇನು ಅಂತ ಕೇಳಿಕೋತ ಬಂದು ಕಟ್ಟಿ ಮ್ಯಾಲ ಕುಂತ. ನಾ ಮಾತಾಡಲಿಲ್ಲ. ಉಂಡು ಹೋದ. ಮುಂದಿನ ಭಾನುವಾರ ಮತ್ತ ಬಂದ. ಹಿಂಗ ನಾಕು ಭಾನುವಾರ. ನಾಕನೇದ್ದಕ್ಕ ನಾನ ಸೋತೆ."

ಕ್ಷಮೆ ಕೇಳಿದರೇ ಎಂದಳು ಅನಘಾ.

"ಇಲ್ಲರಿ. ಅವಂದೇನು ತಪ್ಪಿತ್ತು? ಕ್ಷಮಾ ನಾ ಕೇಳಬೇಕಿತ್ತು, ನಾನೂ ಕೇಳಲಿಲ್ಲ. ಅವ ಬರೇ ಬಂದ."

ಅನಘಾ ಹೋರಿಯ ಕಾಲಿಗೆ ಪಟ್ಟಿ ಸುತ್ತುವುದನ್ನು ನಿಲ್ಲಿಸಿದ್ದಳು. ಊಟದ ತಾಟಿನ ಮುಂದೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದಳಲ್ಲ, ಹಾಗೇ. ಪಟ್ಟಿ ಪೂರ್ತಿ ಸುತ್ತಿ, ಕೈ ತೊಳೆದು, ಕಣದಲ್ಲೇ ನಿಂತು ಶಿಗ್ಗಾವಿಗೆ ಫೋನ್ ಮಾಡಿದಳು. "ಅವ್ವಾ, ಅವರಿಗೆ ಹೂಂ ಅಂತ ಹೇಳು" ಎಂದಳು. ಅತ್ತ ಅಕ್ಕ ಏನೋ ಕೇಳುತ್ತಿದ್ದಳು. ಇವಳು ಫೋನ್ ನನ್ನ ಕೈಗೆ ಕೊಟ್ಟು ನಿಂಗರಾಜನ ತಾಯಿ ತಂದ ಮಜ್ಜಿಗೆ ಕುಡಿದಳು.

ನಿಶ್ಚಿತಾರ್ಥ ಬರುವ ತಿಂಗಳು. ನಿಂಗರಾಜನನ್ನು ಸವಣೂರಿನ ಮನೆಗೆ ಕರೆದು ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸುವ ಮಾತನ್ನು ಶ್ರೀನಿಧಿ ತಂದೆಯ ಮುಂದೆ ಆಡಿದ್ದಾನಂತೆ. ಬಾಯಿ ಬಿಟ್ಟ ಎಂಬುದೇ ದೊಡ್ಡದು. ಹೆಡ್‌ಮಾಸ್ತರರು ಇನ್ನೂ ಉತ್ತರ ಕೊಟ್ಟಿಲ್ಲ, ಬೇಡ ಎಂದೂ ಅಂದಿಲ್ಲ. ಜರಿ ಸೀರೆಯ ತಾಯಿಯ ಮಗನಿಗೆ ಕನ್ಯಾ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. (ಹುಡುಗ ಬಂಗಾರದಂಥವ. ಯಾರಾದರೂ ಇದ್ದರೆ ತಿಳಿಸಿ.)

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಶೈಲಾ ನನ್ನ ಮುಖ ಯಾಕೆ ನೋಡಿದಳೆಂದು ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ತಿಳವಳ್ಳಿಯ ಮಹಾದೇವ ನನ್ನ ಗೆಳೆಯ. ಹೈಸ್ಕೂಲಿನಲ್ಲಿ ಒಂದೇ ಬೆಂಚು, ಕಾಲೇಜಿನಲ್ಲಿ ಒಂದೇ ರೂಮು. ನನಗೆ ಕನ್ಯಾ ನೋಡಲು ಹೋದಾಗ ಪಕ್ಕದಲ್ಲಿ ಕುಳಿತು ನನ್ನ ಪಾಲಿನ ಶಿರಾವನ್ನೂ ತಿಂದವನು. ಹನ್ನೊಂದು ವರ್ಷದ ಹಿಂದೆ ಅವನಿಗೂ ಅವನ ತಮ್ಮನಿಗೂ ಹೊಲದ ಹಿಸ್ಸೆಯ ದಾವೆ ಬಂತು. ತಮ್ಮ ಮೊದಲು ನನ್ನ ಹತ್ತಿರ ಬಂದ. ವಕಾಲತ್ತು ಹಿಡಿದೆ. ತಪ್ಪೇನು? ಯಾರಾದರೂ ಹಿಡಿಯಲೇಬೇಕಿತ್ತು. ಕಟಕಟೆಯಲ್ಲಿ ನಿಂತ ಮಹಾದೇವನಿಗೆ ನಾನೇ ಪಾಟೀಸವಾಲು ಮಾಡಿದೆ. ನೀವು ಸುಳ್ಳು ಹೇಳುತ್ತಿದ್ದೀರಿ ಎಂದೆ. ಅವನು ಸುಳ್ಳು ಹೇಳುತ್ತಿಲ್ಲವೆಂದು ಆ ಕೋರ್ಟಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಕೇಸು ಗೆದ್ದೆ. ಆಮೇಲೆ ತಿಳವಳ್ಳಿಗೆ ಹೋಗಲಿಲ್ಲ. ನನ್ನ ಕೆಲಸ ನಾನು ಮಾಡಿದೆ, ಅವನು ಅರ್ಥ ಮಾಡಿಕೊಂಡು ತಾನಾಗಿ ಬರುತ್ತಾನೆ ಎಂದು ಕಾದೆ.

ಅಬಲೂರಿನಿಂದ ವಾಪಸ್ ಬರುವಾಗ ಕಾರಿನಲ್ಲಿ, ಅರ್ಧ ದಾರಿ ಕಳೆದ ಮೇಲೆ ಅನಘಾಳೇ ಬಾಯಿ ತೆರೆದಳು.

"ಮಹಾದೇವ ಮಾಮಾನ ಎಮ್ಮಿ ನೋಡಲಿಕ್ಕೆ ಹೋದಾಗೆಲ್ಲಾ ಕೇಳ್ತಾರ, ನಿಮ್ಮ ಮಾಮಾನ ಶುಗರ್ ಹೆಂಗದ ಅಂತ."

ನನಗೆ ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದೆ.

"ನೀವು ಯಾವತ್ತರ ಕೇಳೀರೇನು, ಮಾಮಾ?"

ನನಗೆ ಅಳು ಬಂತು. ಗಾಡಿ ನಡೆಸುತ್ತಿದ್ದೆ, ಅಳಲಿಲ್ಲ.

ಇದನ್ನು ಬರೆಯುತ್ತಿರುವುದು ಶನಿವಾರ, ನಾಳೆ ಭಾನುವಾರ. ಹಾನಗಲ್ಲಿನಿಂದ ತಿಳವಳ್ಳಿಗೆ ಬಸ್ಸಿನಲ್ಲಿ ಹೋದರೂ ಮುಕ್ಕಾಲು ತಾಸಿನ ದಾರಿ. ಹನ್ನೊಂದು ವರ್ಷದಿಂದ ನಾನು ಯಾವ ಬಸ್ಸಿಗೆ ಕಾಯುತ್ತಿದ್ದೇನೆ?